ಎಷ್ಟು ವರ್ಷ ಇರಬಹುದು, ಅದನ್ನ ಮೊದಲ ಹೇಳ್ರಿ

ಕೊಯಮತ್ತೂರಿನ ಹೊರಗೆ, ಮರುದಮಲೆ ಬೆಟ್ಟ ಕಾಣುವ ಕಡೆ, ನನ್ನ ಮತ್ತು ನನ್ನ ತಮ್ಮನ ಹೆಸರಿನಲ್ಲಿ ಒಂದು ಮನೆ ಇದೆ. ಆದರೆ ಅಲ್ಲಿ ನಾವಿಬ್ಬರೂ ವಾಸ ಮಾಡುವ ಹಾಗಿಲ್ಲ. ಅದು ನಿವೃತ್ತರಿಗಾಗಿಯೇ ಕಟ್ಟಿದ ಬಡಾವಣೆ. 55 ತುಂಬದವರು ಅತಿಥಿಗಳಾಗಿ ಬಂದು ಕೆಲವು ದಿನ ಇದ್ದು ಹೋಗಬಹುದು, ಅಷ್ಟೆ. ಮನೆ ಕೊಳ್ಳುವಾಗ ಅಪ್ಪ ಸಹಿ ಹಾಕಿದ ನಿಯಮಗಳಲ್ಲೇ ಈ ಮಾತಿದೆ. ಅಮೆರಿಕದಲ್ಲಿ ಇಂಥ ಬಡಾವಣೆಗಳಿಗೆಂದು 1995ರ ಕಾನೂನೊಂದಿದೆ. ಅಲ್ಲಿ ವಾಸವಿರುವ 100 ಮನೆಗಳಲ್ಲಿ 80ರಲ್ಲಾದರೂ 55 ದಾಟಿದ ಒಬ್ಬರು ಇರಬೇಕು. ನಮ್ಮಲ್ಲಿ ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳ ಬಗ್ಗೆ ಮಾದರಿ ಮಾರ್ಗಸೂಚಿ ತಂದಿತು. ಆದರೆ ಅದು ರಾಜ್ಯಗಳಿಗೆ ಕೊಟ್ಟ ಸಲಹೆ. ದಿನನಿತ್ಯ ನಡೆಯುವುದು ಆಯಾ ಬಡಾವಣೆಯ ಕರಾರು. ಹೀಗಾಗಿ ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ನಾವು ಒಂದು ಮನೆಗೆ ಮಾಲೀಕರಾದೆವು, ಅದರಲ್ಲಿ ಇರುವ ವಯಸ್ಸು ಮಾತ್ರ ಇನ್ನೂ ಬಂದಿಲ್ಲ. ನಮ್ಮ ಸಾಲಿನಲ್ಲೇ ಇಂಥ ಮನೆಗಳು ಹಲವು. ಮಾಲೀಕರು ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ ಸಿಂಗಪುರದಲ್ಲೋ ಇದ್ದಾರೆ. ಮನೆಯೊಳಗೆ ಇರುವವರು ಬೇರೆ ಯಾರದೋ ಅಪ್ಪ ಅಮ್ಮ.

ಮೈಸೂರಿನಲ್ಲಿ ನಮ್ಮ ಮನೆಯ ಮಹಡಿಯನ್ನು ನಾವು ವರ್ಷಗಳಿಂದ ಬಾಡಿಗೆಗೆ ಕೊಡುತ್ತಾ ಬಂದಿದ್ದೇವೆ. ಹೊಸದಾಗಿ ಮದುವೆಯಾದವರು ಬರುತ್ತಾರೆ, ಮಗುವಾಗುತ್ತದೆ, ಸ್ಕೂಲು ದೂರವಾಯಿತು ಅಂತ ಬೇರೆ ಕಡೆ ಹೋಗುತ್ತಾರೆ. ಹೋಗುವಾಗ ಇನ್ನೂ ದೊಡ್ಡ ಮನೆಗೇ ಹೋಗುತ್ತಾರೆ. ಕೊಯಮತ್ತೂರಿನ ಮನೆಗೆ ಬರುವವರ ದಾರಿ ಬೇರೆ. ಅವರು ತಾವು ಕಟ್ಟಿಸಿದ ದೊಡ್ಡ ಮನೆಗಳನ್ನು ಬಿಟ್ಟು, ಪಾತ್ರೆ ಪುಸ್ತಕಗಳನ್ನು ಹಂಚಿ, ಎರಡು ಕೋಣೆಗೆ ಹಿಡಿಸುವಷ್ಟನ್ನು ಮಾತ್ರ ತಂದಿರುತ್ತಾರೆ. ಮುಂದೆ ಇನ್ನೊಂದು ಮನೆ ಮಾಡುವ ಯೋಚನೆ ಅವರಿಗಿರುವುದಿಲ್ಲ. ಇದು ಗೊತ್ತಿದ್ದೂ ನಾವು ಮಾಲೀಕರು ಅವರ ಕೈಗೆ ಕೊಡುವ ಕಾಗದ, ಮಹಡಿ ಮನೆಗೆ ಬರುವ ಹುಡುಗರಿಗೆ ಕೊಡುವ ಅದೇ 11 ತಿಂಗಳ ಕರಾರು. ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ರಾಯರು ಮನೆ ನೋಡಲು ಬಂದದ್ದು

ಅಪ್ಪ ಅಮ್ಮ ಕೊಯಮತ್ತೂರಿಗೆ ಹೋದದ್ದು ನಮ್ಮ ನೆಂಟರೊಬ್ಬರು ಅಲ್ಲಿದ್ದರು ಅಂತ. ಪಾಲಕ್ಕಾಡಿನ ಕಣಿವೆಯಿಂದ ಬೀಸುವ ಗಾಳಿ, ಶಿರುವಾಣಿಯ ಸಿಹಿ ನೀರು, ಹತ್ತಿರದಲ್ಲೇ ದೊಡ್ಡ ಆಸ್ಪತ್ರೆಗಳು. ಮೈಸೂರಿನಿಂದ ಚಾಮರಾಜನಗರದ ಮೇಲೆ ಹೋದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲ ದಾಟಿ ಸೇರಬಹುದು. ಮಕ್ಕಳು ಕಾರಿನಲ್ಲಿ ಬಂದು ಹೋಗುವಷ್ಟು ಹತ್ತಿರ. ಬಡಾವಣೆಯಲ್ಲಿ ಊಟದ ಹಾಲ್ ಇದೆ. ಬೆಳಿಗ್ಗೆ ಬೇಗ ಕಾಫಿ, ರಾತ್ರಿ ಏಳಕ್ಕೆಲ್ಲ ಊಟ. ಮನೆಯೊಳಗೆ ಹೊಸ್ತಿಲಿಲ್ಲ, ಗಾಲಿಕುರ್ಚಿ ಸಲೀಸಾಗಿ ಓಡಾಡಬೇಕಲ್ಲ. ಬಚ್ಚಲಿನಲ್ಲಿ ಜಾರದ ಟೈಲ್ಸ್, ಗೋಡೆಗೆ ಹಿಡಿಕೆ, ಹಾಸಿಗೆಯ ಪಕ್ಕದಲ್ಲಿ ತುರ್ತು ಗಂಟೆಯ ಗುಂಡಿ. ಅಮ್ಮನಿಗೆ ಅಲ್ಲಿನ ಸಾಂಬಾರು ಕೊನೆಯವರೆಗೂ ಒಗ್ಗಲಿಲ್ಲ. ಸಾರಿನ ಪುಡಿಯನ್ನು ಇಲ್ಲಿಂದಲೇ ಕಳಿಸುತ್ತಿದ್ದೆ. ಆದರೂ ಆ ಮನೆಯಲ್ಲಿ ಅವರಿಬ್ಬರೂ ನೆಮ್ಮದಿಯಾಗಿದ್ದರು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆ ಮನೆ ಖಾಲಿಯಾದ ಮೇಲೆ ನೋಡಲು ಬಂದವರಲ್ಲಿ ಧಾರವಾಡ ಕಡೆಯ ದಂಪತಿ ಇದ್ದರು. ಗಂಡ ಹೈಸ್ಕೂಲ್ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಬಡಾವಣೆಯಲ್ಲಿ ಎಲ್ಲರೂ ಅವರನ್ನು ರಾಯರು ಅಂತಲೇ ಕರೆಯುತ್ತಿದ್ದರು. ಅವರ ಹೆಂಡತಿಗೆ ಗ್ಲಾಕೋಮಾ. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಬೆಳಕಿನ ಗುರುತಷ್ಟೇ. ಅವರಿಬ್ಬರೂ ಅದೇ ಬಡಾವಣೆಯ ಬೇರೆ ಬೀದಿಯಲ್ಲಿ ಬಾಡಿಗೆಗಿದ್ದರು. ನಾನು ಬಾಲ್ಕನಿ ತೆರೆದು ಬೆಟ್ಟ ತೋರಿಸಲು ಹೋದೆ. ರಾಯರ ಹೆಂಡತಿ ಅತ್ತ ಬರಲೇ ಇಲ್ಲ. ಹಾಸಿಗೆ ಎಲ್ಲಿ ಬರುತ್ತದೆ ಎಂದು ಕೇಳಿಕೊಂಡು, ಅಲ್ಲಿಂದ ಬಚ್ಚಲಿನವರೆಗೆ ಗೋಡೆ ಸವರುತ್ತಾ ನಡೆದರು. ಸ್ವಿಚ್ಚು ಯಾವ ಎತ್ತರಕ್ಕಿದೆ ಎಂದು ಕೈಯಿಟ್ಟು ನೋಡಿದರು. ಮತ್ತೆ ವಾಪಸ್ ನಡೆದರು. ಬಾಯಲ್ಲಿ ಹೆಜ್ಜೆ ಎಣಿಸುತ್ತಿದ್ದರು. ರಾಯರು ಕಿಟಕಿಯ ಹತ್ತಿರ ನಿಂತು ಹೆಂಡತಿಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. "ಮನಿ ಛಲೋ ಅದರಿ. ಬಾಡಗಿ ಮಾತು ಆಮ್ಯಾಲೆ. ಎಷ್ಟು ವರ್ಷ ಇರಬಹುದು, ಅದನ್ನ ಮೊದಲ ಹೇಳ್ರಿ."

ನಾನು 11 ತಿಂಗಳ ಕರಾರಿನ ಮಾತೆತ್ತಿದೆ. ಆಮೇಲೆ ಮುಂದುವರಿಸೋಣ, ಎಲ್ಲ ಕಡೆ ಹಾಗೇ ಅಲ್ವಾ ಎಂದೆ. ಅವರು ಸಿಟ್ಟಾಗಲಿಲ್ಲ. ಕ್ಲಾಸಿನಲ್ಲಿ ಪಾಠ ಹೇಳುವ ಹಾಗೆ ನಿಧಾನಕ್ಕೆ ಹೇಳಿದರು. ತಾವು ಬಾಡಿಗೆಗಿದ್ದ ಮೊದಲ ಮನೆಯನ್ನು ಮಾಲೀಕರು ಮಾರಿದರು. ಎರಡನೆಯದರ ಮಾಲೀಕರಿಗೆ ತಮ್ಮ ಅತ್ತೆ ಮಾವನನ್ನೇ ಅಲ್ಲಿ ತಂದಿಡಬೇಕಾಯಿತು. ಈಗಿರುವುದನ್ನೂ ಬಿಡಿ ಎಂದಿದ್ದಾರೆ. ಯಾರದ್ದೂ ತಪ್ಪಿಲ್ಲ. ಆದರೆ ಪ್ರತಿ ಸಲವೂ ಇವಳು ಹೊಸ ಮನೆಯನ್ನು ಕೈಯಿಂದಲೇ ಕಲಿಯಬೇಕು. "ಹೊಸಾ ಮನ್ಯಾಗ ಮೊದಲ ತಿಂಗಳು ರಾತ್ರಿ ನಾ ಮಲಗೂದೇ ಇಲ್ರಿ. ಎದ್ದು ಎಲ್ಲಿ ಬೀಳ್ತಾಳೋ ಅಂತ ಕೂತಿರ್ತೀನಿ. ಇನ್ನೊಮ್ಮೆ ಗಂಟು ಕಟ್ಟೋದು ನಮ್ಮ ಕೈಲೆ ಆಗೂದಿಲ್ಲ." ಆಗ ಅವರಿಗೆ 80 ದಾಟಿತ್ತು.

11 ತಿಂಗಳು ಎಲ್ಲಿಂದ ಬಂತು

ಇದರ ಮೂಲ ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತೇ ಇದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಆ ಓಡಾಟ ಬೇಡ ಅಂತ ಜನ 11 ತಿಂಗಳಿಗೆ ಬರೆಸಿಕೊಳ್ಳಲು ಶುರು ಮಾಡಿದರು. ಕ್ರಮೇಣ ಅದೇ ಕಾನೂನೇನೋ ಎಂಬಷ್ಟು ಬೇರೂರಿತು. ಕರ್ನಾಟಕದಲ್ಲಿ 1999ರ ಬಾಡಿಗೆ ಕಾಯ್ದೆ ಇದೆ. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ಅದರ ವ್ಯಾಪ್ತಿಗೇ ಬರುವುದಿಲ್ಲ. ದೇವನಹಳ್ಳಿ ಕಡೆಯೋ ಕನಕಪುರ ರಸ್ತೆಯಲ್ಲೋ ಈಗ ಎದ್ದಿರುವ ಹಿರಿಯರ ಅಪಾರ್ಟ್‌ಮೆಂಟುಗಳಲ್ಲಿ ಆ ಬಾಡಿಗೆಗೆ ಏನು ಸಿಗುತ್ತದೆ? ತಮಿಳುನಾಡಿನಲ್ಲಿ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. 2017ರಲ್ಲಿ ಮಾಡಿದ ಹೊಸ ಬಾಡಿಗೆ ಕಾನೂನು 2019ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಅಲ್ಲಿ ಅವಧಿ ಎಷ್ಟೇ ಇರಲಿ, ಕರಾರು ಬರಹದಲ್ಲಿ ಇರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ದಾಖಲಾಗಬೇಕು. ಮುಂಗಡವೂ ಬೇರೆ ಒಪ್ಪಂದ ಇಲ್ಲದಿದ್ದರೆ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಇರುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದ ಪಿಂಚಣಿದಾರರಿಗೆ ಇದೇ ದೊಡ್ಡ ನಿರಾಳ.

ಹೇಗೂ ಓಡಾಡಿ ದಾಖಲು ಮಾಡಿಸಬೇಕು ಅಂದ ಮೇಲೆ 11 ತಿಂಗಳಿಗೇ ಯಾಕೆ ನಿಲ್ಲಬೇಕು? ನಾನು ತಮ್ಮನಿಗೆ ಕೇಳಿದ್ದು ಇದನ್ನೇ. ಅವನು ಲೆಕ್ಕದ ಮನುಷ್ಯ, ಅವನ ಮಾತಿನಲ್ಲಿ ಹುರುಳಿತ್ತು. ಇಂಥ ಮನೆಗಳಿಂದ ಬಾಡಿಗೆಯಲ್ಲಿ ದೊಡ್ಡ ಲಾಭವೇನೂ ಇಲ್ಲ. 60 ಲಕ್ಷ ಬಾಳುವ ಮನೆಗೆ ತಿಂಗಳಿಗೆ 18 ಸಾವಿರ ಬಾಡಿಗೆ ಬಂದರೆ, ಆ 60 ಲಕ್ಷವನ್ನೇ ಶೇ 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ ತಿಂಗಳಿಗೆ 35 ಸಾವಿರ ಬರುತ್ತದೆ. ಮನೆ ಖಾಲಿ ಇದ್ದರಂತೂ ಕೈಯಿಂದಲೇ ಖರ್ಚು. ಊಟ ಮಾಡದಿದ್ದರೂ ಕಸ ಗುಡಿಸುವವರ, ಕಾವಲಿನವರ, ನರ್ಸಿನ, ಆಂಬುಲೆನ್ಸಿನ ಪಾಲು ಪ್ರತಿ ಮನೆಯ ಮೇಲೂ ಬೀಳುತ್ತದೆ. ಬಾಡಿಗೆದಾರರಿದ್ದರೆ ಆ ತಿಂಗಳ ಶುಲ್ಕ ಅವರು ಕಟ್ಟುತ್ತಾರೆ. ಬಣ್ಣ, ರಿಪೇರಿ, ಮನೆಗಂದಾಯ ನಮ್ಮದು. ಬಾಡಿಗೆ ಆದಾಯದಲ್ಲಿ ಶೇ 30 ಕಳೆದು ಉಳಿದದ್ದಕ್ಕೆ ತೆರಿಗೆ. ಇದೆಲ್ಲ ಇರಲಿ, ತಮ್ಮ ವಿದೇಶದಲ್ಲಿರುವುದರಿಂದ ಇನ್ನೊಂದು ತೊಡಕು. ಮಾಲೀಕರು ಅನಿವಾಸಿಯಾದರೆ ಅವರ ಪಾಲಿನ ಬಾಡಿಗೆಯಲ್ಲಿ ಬಾಡಿಗೆದಾರರೇ ಶೇ 30 ತೆರಿಗೆ, ಅದರ ಮೇಲೆ ಸೆಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅದಕ್ಕೆ ತೆರಿಗೆ ಇಲಾಖೆಯಿಂದ ಬೇರೆ ನಂಬರ್ ಮಾಡಿಸಬೇಕು, ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು. 80 ದಾಟಿದ ಹೆಡ್‌ಮಾಸ್ಟರರ ತಲೆಗೆ ಇದನ್ನು ಕಟ್ಟುವುದೇ? ಆ ಕೆಲಸಕ್ಕೆ ನಾನು ನಮ್ಮ ಆಡಿಟರನ್ನು ಹಿಡಿದೆ, ಅವರ ಫೀಸು ನಮ್ಮದು. ವಿದೇಶದಲ್ಲಿರುವ ಮಾಲೀಕರಿಗೆ ನನ್ನ ಮೊದಲ ಕೋರಿಕೆ ಇದೇ: ಈ ಭಾರವನ್ನು ವಯಸ್ಸಾದವರ ಮೇಲೆ ಹಾಕಿ ಸುಮ್ಮನಿರಬೇಡಿ.

ತಮ್ಮನ ಅಂಜಿಕೆ ದುಡ್ಡಿನದಷ್ಟೇ ಆಗಿರಲಿಲ್ಲ. "ಅಕ್ಕಾ, ಐದು ವರ್ಷ ಕೈ ಕಟ್ಟಿಹಾಕಿಕೊಂಡರೆ ಮಾರಬೇಕು ಅನ್ನಿಸಿದಾಗ ಏನು ಮಾಡ್ತೀಯ?" ಎಂದ. ಈ ಅಂಜಿಕೆ ಎಲ್ಲ ಮಾಲೀಕರಿಗೂ ಇದೆ. ಬಾಡಿಗೆದಾರರು ಏಳುವುದೇ ಇಲ್ಲ, ಕೋರ್ಟಿಗೆ ಅಲೆಯಬೇಕು ಎಂಬ ಕಥೆಗಳನ್ನು ಕೇಳಿ ಬೆಳೆದವರು ನಾವು. ಆದರೆ ನಿವೃತ್ತರ ಬಡಾವಣೆಯಲ್ಲಿ ನಾನು ಕಂಡದ್ದು ಬೇರೆ. ಅಲ್ಲಿ ತಿಂಗಳ ಬಾಡಿಗೆ ಒಂದು ದಿನವೂ ತಪ್ಪುವುದಿಲ್ಲ. ಪಿಂಚಣಿ ಬಂದ ಮಾರನೆಯ ದಿನ ಹಣ ನಮ್ಮ ಖಾತೆಯಲ್ಲಿರುತ್ತದೆ. ನಲ್ಲಿ ಸೋರಿದರೆ ತಾವೇ ಸರಿ ಮಾಡಿಸಿ ಆಮೇಲೆ ಹೇಳುತ್ತಾರೆ. ಅವರ ಎದೆಯಲ್ಲಿ ಕೂತಿರುವ ಭಯ ಒಂದೇ, ಮಾಲೀಕರು ಫೋನ್ ಮಾಡಿ ಮನೆ ಬಿಡಿ ಎಂದಾರು ಅಂತ. ಆ ಫೋನ್ ಬರಬಾರದು ಅಂತಲೇ ಎಷ್ಟೋ ಜನ ಕೆಟ್ಟ ಗೀಸರನ್ನೂ ದೂರದೆ ಸಹಿಸಿಕೊಂಡಿರುತ್ತಾರೆ. ಬೇಸರದ ಸಂಗತಿ ಅಲ್ವಾ?

ಕೊನೆಗೆ ನಾವು ರಾಯರ ಕರಾರನ್ನು ಐದು ವರ್ಷಕ್ಕೆ ನೋಂದಣಿ ಮಾಡಿಸಿದೆವು. ಆ ಅವಧಿ ಕಟ್ಟಿಹಾಕುವುದು ನಮ್ಮನ್ನು ಮಾತ್ರ. ಅವರು ಒಂದು ತಿಂಗಳು ಮುಂಚೆ ಹೇಳಿ ಯಾವಾಗ ಬೇಕಾದರೂ ಹೋಗಬಹುದು, ಯಾಕೆಂದರೆ ಆ ವಯಸ್ಸಿನಲ್ಲಿ ಮಗನ ಮನೆಗೋ ಆರೈಕೆಯ ವಿಭಾಗಕ್ಕೋ ಹೋಗಬೇಕಾಗಿ ಬರುವುದು ಅವರ ಕೈಯಲ್ಲಿರುವ ಮಾತಲ್ಲ. ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆ ಎಂಬುದನ್ನು ಮೊದಲೇ ಬರೆದೆವು. ಇಬ್ಬರಲ್ಲಿ ಒಬ್ಬರು ಹೋದರೆ ಉಳಿದವರು ಅದೇ ಷರತ್ತಿನ ಮೇಲೆ ಇರಬಹುದು, ಹೊಸ ಕರಾರು ಬೇಕಿಲ್ಲ. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇರಬೇಕಾಗಿ ಬಂದರೂ ಮನೆಯನ್ನು ಹಾಗೇ ಕಾಯ್ದಿಡುತ್ತೇವೆ. ಮುಂಗಡ ಹಣ ಯಾರ ಕೈಗೆ ವಾಪಸ್ ಹೋಗಬೇಕು ಎಂದು ಹೆಸರು, ಖಾತೆ ಸಮೇತ ಬರೆದೆವು. ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಬಾಡಿಗೆದಾರರು ತೀರಿಕೊಂಡಾಗ ಆ ಹಣ ವಾರಸುದಾರರ ಪತ್ರಕ್ಕಾಗಿ ಕಾಯುತ್ತಾ ಮಾಲೀಕರ ಬಳಿಯೇ ಉಳಿದುಬಿಟ್ಟದ್ದನ್ನು ನಾನು ಪಕ್ಕದ ಮನೆಯಲ್ಲೇ ಕಂಡಿದ್ದೆ.

ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ

ಮುದುಕರಿಗೆಂದೇ ಕಟ್ಟಿದ ಬಡಾವಣೆಯಲ್ಲಿ ಬಹಳ ಮುದುಕರಿಗೆ ಬಾಡಿಗೆ ಮನೆ ಸಿಗುವುದು ಕಷ್ಟ. ಬ್ರೋಕರುಗಳಿಗೆ ಮಾಲೀಕರು ಮೊದಲೇ ಹೇಳಿರುತ್ತಾರೆ, "ಓಡಾಡಿಕೊಂಡು ಇರುವವರು ಬೇಕು" ಎಂದು. ಅಂದರೆ ಅರವತ್ತರ ಆಸುಪಾಸಿನವರು, ಗಂಡ ಹೆಂಡತಿ ಇಬ್ಬರೂ ಗಟ್ಟಿಮುಟ್ಟಾಗಿರುವವರು. 83ರ ಒಬ್ಬಂಟಿ ಹೆಂಗಸು ಫೋನ್ ಮಾಡಿದರೆ ಮನೆ ಕೊಟ್ಟಾಯಿತು ಎನ್ನುತ್ತಾರೆ. ಇದರ ಹಿಂದಿರುವುದು ಸಾವಿನ ಭಯ. ನಮ್ಮ ಮನೆಯಲ್ಲಿ ಸಾವಾದರೆ ಹೇಗೆ? ನಕ್ಷತ್ರ ಸರಿಯಿಲ್ಲದಿದ್ದರೆ? ಧನಿಷ್ಠಾ ಪಂಚಕದಲ್ಲಿ ಯಾರಾದರೂ ಹೋದರೆ ಇಷ್ಟು ತಿಂಗಳು ಮನೆ ಮುಚ್ಚಬೇಕು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿ ಅನ್ನುವುದು ಎಲ್ಲರಿಗೂ ಗೊತ್ತು. ಊರುಗಳಲ್ಲಿ ಬಾಡಿಗೆ ಮನೆಯಲ್ಲಿದ್ದವರು ಕೊನೆಯುಸಿರಿನ ಹೊತ್ತಿಗೆ ಅಪ್ಪನನ್ನು ಆಸ್ಪತ್ರೆಗೋ ನೆಂಟರ ಮನೆಗೋ ಸಾಗಿಸಿದ್ದನ್ನು ನಾವೆಲ್ಲ ಕೇಳಿದ್ದೇವೆ. ನಂಬುವವರ ನಂಬಿಕೆಯನ್ನು ನಾನು ಹಗುರ ಮಾಡುವುದಿಲ್ಲ. ನಮ್ಮ ಮನೆಯಲ್ಲೂ ಪಂಚಾಂಗ ನೋಡುತ್ತಾರೆ. ಆದರೆ ಬಚ್ಚಲಿಗೆ ಹಿಡಿಕೆ ಹಾಕಿಸಿ, ಹಾಸಿಗೆಯ ಪಕ್ಕ ತುರ್ತು ಗಂಟೆ ಇಡಿಸಿ ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು, ಇಲ್ಲಿ ಯಾರೂ ಸಾಯಬಾರದು ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ನನ್ನ ಅಪ್ಪ ಹೋದದ್ದು ಆ ಮನೆಯ ನಡುಮನೆಯಲ್ಲೇ. ರಾತ್ರಿ ಪಾಳಿಯ ನರ್ಸ್ ಬಂದು ನಾಡಿ ನೋಡಿ, ಅಮ್ಮನ ಕೈ ಹಿಡಿದು ಕೂತಿದ್ದಳಂತೆ. ನಾವು ಮೈಸೂರಿನಿಂದ ತಲುಪುವಷ್ಟರಲ್ಲಿ ಪಕ್ಕದ ಮನೆಯವರು ಫ್ರೀಜರ್ ಬಾಕ್ಸ್ ತರಿಸಿದ್ದರು, ಅಮ್ಮನಿಗೆ ಕಾಫಿ ಕುಡಿಸಿದ್ದರು. ಅಪ್ಪ ತಮ್ಮ ಮನೆಯಲ್ಲಿ ತಮ್ಮ ಹಾಸಿಗೆಯ ಮೇಲೆ ಹೋದರು. ಅದು ಅವರಿಗೆ ಸಿಕ್ಕಿದ್ದು ಮನೆ ಅವರ ಹೆಸರಿನಲ್ಲಿತ್ತು ಎಂಬ ಕಾರಣಕ್ಕೆ. ಪಕ್ಕದ ಬಾಡಿಗೆ ಮನೆಯವರಿಗೂ ಅದೇ ಸಿಗಬೇಡವೇ? ಕರಾರು ಬರೆಯುವಾಗ ವಕೀಲರ ಹತ್ತಿರ ಒಂದು ಸಾಲು ಸೇರಿಸಲು ಹೇಳಿದೆ. ಮನೆಯಲ್ಲಿ ಸಾವು ಸಂಭವಿಸಿದರೆ ಶಾಂತಿ, ಬಣ್ಣ, ಶುದ್ಧಿ ಯಾವುದಕ್ಕೂ ಬಾಡಿಗೆದಾರರ ಕುಟುಂಬದಿಂದ ಮಾಲೀಕರು ಹಣ ಕೇಳುವಂತಿಲ್ಲ. ಮನೆ ತೆರವು ಮಾಡಲು ಎರಡು ತಿಂಗಳು ಸಮಯ, ಆ ತಿಂಗಳುಗಳಿಗೆ ಬಾಡಿಗೆ ಇಲ್ಲ. ಇದನ್ನು ಯಾರೂ ಬರೆಸುವುದಿಲ್ಲ ಮೇಡಂ ಎಂದರು ವಕೀಲರು. ಬರೆಯಿರಿ ಎಂದೆ. ರಾಯರು ಸಹಿ ಮಾಡುವ ಮುಂಚೆ ಆ ಪುಟವನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದರು. ಪೂರ್ತಿ ಕೇಳಿಸಿಕೊಂಡು ಆಕೆ "ಆತು, ಇನ್ನ ದೇವರ ಫೋಟೋ ಗ್ವಾಡಿಗೆ ಮಳಿ ಹೊಡದು ಹಾಕಬಹುದು" ಎಂದರು. ಹಿಂದಿನ ಮೂರೂ ಮನೆಗಳಲ್ಲಿ ದೇವರ ಫೋಟೋಗಳು ಮೇಜಿನ ಮೇಲೆ ಒರಗಿಕೊಂಡೇ ಇದ್ದವಂತೆ.

ಊಟ ಮಾಡುವವರು, ಓಟು ಹಾಕುವವರು

ಮೊದಲು ಕೊಂಡವರು ಒಬ್ಬೊಬ್ಬರಾಗಿ ಹೋಗುತ್ತಿದ್ದಂತೆ ಇಂಥ ಬಡಾವಣೆಗಳ ಸ್ವರೂಪವೇ ಬದಲಾಗುತ್ತದೆ. ಮಕ್ಕಳಿಗೆ ಮನೆ ಬರುತ್ತದೆ, ಮಕ್ಕಳು ಇರುವಂತಿಲ್ಲ. ಮಾರಲು ಹೋದರೆ ಕೊಳ್ಳುವವರು ಕಡಿಮೆ, ಬಹಳ ಕಡೆ ಹಸ್ತಾಂತರದ ಶುಲ್ಕ ಬೇರೆ. ಕೊನೆಗೆ ಬಾಡಿಗೆಗೇ ಕೊಡುತ್ತಾರೆ. ಸ್ವಲ್ಪ ವರ್ಷ ಕಳೆದರೆ ಊಟದ ಹಾಲಿನಲ್ಲಿ ಕೂತವರಲ್ಲಿ ಬಾಡಿಗೆಯವರೇ ಜಾಸ್ತಿ ಇರುತ್ತಾರೆ. ಆದರೆ ಸಂಘದ ಸಭೆಯಲ್ಲಿ ಮತ ಇರುವುದು ಮಾಲೀಕರಿಗೆ. ಊಟ ಮಾಡುವವರಿಗೆ ಓಟಿಲ್ಲ, ಓಟಿರುವವರು ಅಲ್ಲಿ ಊಟ ಮಾಡುವುದಿಲ್ಲ. ಅಡುಗೆಯ ಗುತ್ತಿಗೆ ಯಾರಿಗೆ, ಲಿಫ್ಟ್ ಯಾವಾಗ ಬದಲಿಸಬೇಕು, ರಾತ್ರಿ ಎಷ್ಟು ಜನ ನರ್ಸ್ ಇರಬೇಕು ಎಂಬುದನ್ನು ಸಾವಿರಾರು ಮೈಲಿ ದೂರದಲ್ಲಿ ಕೂತವರು ಖರ್ಚಿನ ಪಟ್ಟಿ ನೋಡಿ ತೀರ್ಮಾನಿಸುತ್ತಾರೆ. ಅವರು ಕೆಟ್ಟವರೇನಲ್ಲ. ಆ ರಾತ್ರಿಗಳು ಅವರಿಗೆ ಗೊತ್ತಿಲ್ಲ, ಅಷ್ಟೆ.

ಒಂದು ಸಭೆಯಲ್ಲಿ ರಾತ್ರಿ ನರ್ಸನ್ನು ತೆಗೆದು, ಬೇಕಾದಾಗ ಫೋನ್ ಮಾಡಿ ಕರೆಸುವ ಪ್ರಸ್ತಾಪ ಬಂತು. ತಿಂಗಳ ಶುಲ್ಕ ಕಡಿಮೆಯಾಗುತ್ತದೆ ಎಂಬುದು ವಾದ. ವಿಡಿಯೋ ಸಭೆ, ಹೆಚ್ಚಿನವರು ಹೊರದೇಶದಿಂದ ಸೇರಿದ್ದರು. ಹಿಂದಿನ ದಿನವೇ ರಾಯರಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ನಾನು ಅವರಿಗೆ ತಂಗಿಯಾಗಿದ್ದೆ. "ನೋಡು ತಂಗಿ, ರೊಕ್ಕದ ಮಾತು ಅವರು ಆಡ್ಲಿ. ರಾತ್ರಿ ಎರಡಕ್ಕ ಗಂಟಿ ಒತ್ತಿದ್ರ ಎಷ್ಟು ಹೊತ್ತಿಗೆ ಯಾರು ಬರ್ತಾರ, ಅದಷ್ಟ ಕೇಳು" ಎಂದರು. ನಾನು ಅದನ್ನೇ ಕೇಳಿದೆ. ಅಪ್ಪನ ರಾತ್ರಿಯ ಬಗ್ಗೆಯೂ ಹೇಳಿದೆ. ಸರಿಯಾದ ಉತ್ತರ ಯಾರಿಂದಲೂ ಬರಲಿಲ್ಲ, ಆದರೂ ಪ್ರಸ್ತಾಪ ಪಾಸಾಯಿತು. ಮಾರನೆಯ ವಾರ ಅಲ್ಲೇ ವಾಸ ಇರುವವರೆಲ್ಲ, ಮಾಲೀಕರೂ ಬಾಡಿಗೆಯವರೂ, ಸೇರಿ ತಾವೇ ದುಡ್ಡು ಹಾಕಿ ಆ ನರ್ಸನ್ನು ಉಳಿಸಿಕೊಂಡರು. ನಮ್ಮ ಮನೆಯ ಪಾಲನ್ನು ನಾನು ಕೊಡುತ್ತೇನೆ. ಅದು ಬಾಡಿಗೆದಾರರ ಖರ್ಚಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂದಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಸಭೆಯ ವಿಷಯಪಟ್ಟಿ ಬಂದ ಕೂಡಲೇ ಅದನ್ನು ರಾಯರಿಗೆ ಓದಿ ಹೇಳುತ್ತೇನೆ. ಮನೆಯ ಬೆಲೆಗೆ ಸಂಬಂಧಿಸಿದ ವಿಷಯ ಬಿಟ್ಟು ಉಳಿದದ್ದಕ್ಕೆಲ್ಲ ಅವರು ಹೇಳಿದ ಹಾಗೆ ಮತ ಹಾಕುತ್ತೇನೆ. ಇದನ್ನು ಮಾಡಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಬೇಕಿರುವುದು ಒಂದು ಫೋನು.

ಈಗ

ತಮ್ಮನಿಗೆ ಮನೆ ಮಾರಬೇಕು. ಮಗಳ ಕಾಲೇಜು ಹತ್ತಿರ ಬರುತ್ತಿದೆ, ಅವನಿಗೆ ಹಣದ ಅಗತ್ಯ ಇರುವುದು ನಿಜ. ನೋಂದಣಿಯಾದ ಗುತ್ತಿಗೆ ಇದ್ದರೆ ಕೊಳ್ಳುವವರು ಅದಕ್ಕೆ ಬದ್ಧರಾಗಿಯೇ ಕೊಳ್ಳಬೇಕು, ಬಾಡಿಗೆದಾರರ ಹಕ್ಕು ಮಾರಾಟದಿಂದ ಅಳಿಸಿಹೋಗುವುದಿಲ್ಲ. ಆದ್ದರಿಂದ ರಾಯರಿಗೆ ಇನ್ನೂ ಉಳಿದಿರುವ ಅವಧಿಯ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆ ಅದರ ನಂತರದ್ದು. ಐದು ವರ್ಷ ಮುಗಿಯುವ ಹೊತ್ತಿಗೆ ಅವರಿಗೆ ಎಂಬತ್ತರ ಕೊನೆ. ಹೊಸ ಮಾಲೀಕರು ಮತ್ತೆ 11 ತಿಂಗಳಿನ ಕಾಗದ ಮುಂದಿಟ್ಟರೆ? ಅದಕ್ಕೇ ತಮ್ಮನಿಗೆ ಒಂದು ಮಾತು ಹೇಳಿದ್ದೇನೆ. ಮಾರುವುದಾದರೆ ಮೊದಲು ರಾಯರ ಕರಾರನ್ನು ಇನ್ನೂ ಐದು ವರ್ಷಕ್ಕೆ ವಿಸ್ತರಿಸಿ ನೋಂದಣಿ ಮಾಡಿಸೋಣ, ಆಮೇಲೆ ಮಾರೋಣ. ಬೆಲೆ ಸ್ವಲ್ಪ ಕಡಿಮೆ ಬರುತ್ತದೆ, ಬರಲಿ. ಆ ಕಡಿಮೆಯಾದದ್ದನ್ನು ನನ್ನ ಪಾಲಿನಲ್ಲಿ ಮುರಿದುಕೊ ಎಂದೂ ಹೇಳಿದ್ದೇನೆ. ಅವನು ಇನ್ನೂ ಹೂಂ ಎಂದಿಲ್ಲ, ಉಹೂಂ ಎಂದೂ ಇಲ್ಲ. ದೀಪಾವಳಿಗೆ ಬರುತ್ತಾನೆ. ಅವನನ್ನು ನೇರ ಕೊಯಮತ್ತೂರಿಗೇ ಕರೆದುಕೊಂಡು ಹೋಗಿ ರಾಯರ ಎದುರಿಗೇ ಈ ಮಾತು ಮುಗಿಸಬೇಕು ಎಂದಿದ್ದೇನೆ.